ಹೇಳದೆ ಬಿಟ್ಟ ಸಾಲು: ಕಾಸರಗೋಡಿನ ಎರಡು ಮನೆಗಳ ಒಂದು ಪ್ರಕರಣ

ಇದು ಒಂದೇ ಗುಡ್ಡೆಯ ಎರಡು ಮನೆಗಳ ವಿಷಯ. ಊರಿನವರು ಅವನ್ನು ಮೇಲಿನ ಮನೆ, ಕೆಳಗಿನ ಮನೆ ಅಂತ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ, ಹೆಸರು ಬೇಡ. ಕೆಳಗಿನ ಮನೆಯಲ್ಲಿ ಅಣ್ಣ, ಮೇಲಿನ ಮನೆಯಲ್ಲಿ ತಮ್ಮ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ, ಸರಕಾರಿ ಕಾಗದ ಬರುವುದು ಮಲಯಾಳದಲ್ಲಿ. ಕಾಸರಗೋಡಿನ ಉತ್ತರ ಭಾಗದ ಕ್ರೈಸ್ತ ಕುಟುಂಬಗಳಲ್ಲಿ ಇದು ಸಾಮಾನ್ಯ.

ನಾನು ನಿವೃತ್ತ ಕನ್ನಡ ಮೇಷ್ಟ್ರು. ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮನೆ ಜಗಳ ಬಂದಾಗ ವಿಗಾರರು (ಅಲ್ಲಿನ ಮುಖ್ಯ ಗುರುಗಳು) ನನ್ನನ್ನೂ ಒಂದು ಕುರ್ಚಿಯಲ್ಲಿ ಕೂರಿಸುತ್ತಾರೆ. ಈ ಪ್ರಕರಣದಲ್ಲಿ ನಾನು ಮಾಡಿದ್ದು ಕಮ್ಮಿ. ಮಾಡಿದ್ದರಲ್ಲಿ ಎರಡು ತಪ್ಪು ಕೂಡ ಇವೆ. ಅವನ್ನೂ ಹೇಳುತ್ತೇನೆ. ಪಾಪನಿವೇದನೆಯಲ್ಲಿ ಏನು ನಡೆಯಿತು ಅನ್ನುವುದು ಗುರುಗಳಿಂದ ನನಗೆ ತಿಳಿದದ್ದಲ್ಲ, ಅದು ಅವರ ಬಾಯಿಂದ ಬರುವುದೂ ಇಲ್ಲ. ಅಣ್ಣನೇ ಹೇಳಿದ್ದು. ಬರೆಯಲು ಒಪ್ಪಿಗೆ ಕೊಟ್ಟದ್ದೂ ಅವರೇ.

ನೀರಿನ ಜಗಳ

ನಮ್ಮ ಕಡೆ ಗುಡ್ಡೆಯ ಮುರಕಲ್ಲನ್ನು (ಕೆಂಪು ಕಲ್ಲನ್ನು) ಅಡ್ಡಕ್ಕೆ ಕೊರೆದು ನೀರು ತೆಗೆಯುತ್ತಾರೆ. ಅದಕ್ಕೆ ಸುರಂಗ ಅಂತ ಹೆಸರು. ಒಬ್ಬ ಮನುಷ್ಯ ಸ್ವಲ್ಪ ಬಗ್ಗಿ ಒಳಗೆ ಹೋಗುವಷ್ಟು ಅಗಲ, ಎತ್ತರ. ಬಾಯಾರು, ಪಡ್ರೆ, ಶೇಣಿ ಕಡೆ ಹೋದರೆ ಮನೆ ಮನೆಗೂ ಕಾಣಸಿಗುತ್ತದೆ. ಪಂಪು ಬೇಡ, ಕರೆಂಟು ಬೇಡ. ಜಿನುಗಿದ ನೀರು ತಾನಾಗಿ ಇಳಿದು ಬರುತ್ತದೆ. ಮೊದಲು ಅಡಿಕೆ ಮರದ ದಂಬೆಯಲ್ಲಿ ಹರಿಸುತ್ತಿದ್ದರು, ಈಗ ಪೈಪು.

ಈ ಸುರಂಗ ತೋಡಿಸಿದ್ದು ಇವರ ಅಪ್ಪ. ಬಾಯಿ ಇರುವುದು ಮೇಲಿನ ಜಾಗದಲ್ಲಿ, ನೀರು ಕುಡಿಯುತ್ತಿದ್ದದ್ದು ಕೆಳಗಿನ ತೋಟ. ಅಪ್ಪ ಪಾಲು ಮಾಡಿ ಕೊಟ್ಟಾಗ ಕಾಗದವನ್ನು ಕನ್ನಡದಲ್ಲಿ ಬರೆಸಿದರು. ನೀರಿನ ಬಗ್ಗೆ ಅದರಲ್ಲಿ ಎರಡೇ ಶಬ್ದ: ‘ನೀರು ಮಾಮೂಲಿನಂತೆ.’ ಮಾಮೂಲು ಅಂದರೆ ಏನು? ಕೆಳಗಿನವರಿಗೆ ಪೂರ್ತಿ ನೀರು ಅಂತಲಾ? ಮೇಲಿನವನು ಬೇಕಾದಷ್ಟು ತಗೊಂಡು ಮಿಕ್ಕದ್ದು ಕೆಳಗೆ ಅಂತಲಾ? ಕಾಸರಗೋಡಿನ ಮುನ್ಸಿಫ್ ಕೋರ್ಟಿನಲ್ಲಿ ಆ ಕಾಗದವನ್ನು ಮಲಯಾಳಕ್ಕೆ ಮಾಡಿಸಿದರು. ಅಲ್ಲಿಗೂ ಹೋಗಿ ಆ ಶಬ್ದ ಮಾಮೂಲಾಗೇ ಉಳಿಯಿತು.

ತಮ್ಮ ಮೇಲೆ ಹೊಸ ಅಡಿಕೆ ಗಿಡ ಇಟ್ಟ. ಸುರಂಗದ ಬಾಯಿಗೆ ಒಂದು ಟ್ಯಾಂಕಿ ಕಟ್ಟಿದ. ಹಗಲು ಅವನಿಗೆ, ರಾತ್ರಿ ಕೆಳಗೆ. ಆಮೇಲೆ ಒಂದು ಬೇಸಿಗೆಯಲ್ಲಿ ರಾತ್ರಿಯ ನೀರೂ ನಿಂತಿತು. ಮಾರ್ಚಿನಿಂದ ಮೇ ತನಕ ಅಡಿಕೆಗೆ ಮೂರರಿಂದ ಐದು ದಿನಕ್ಕೊಮ್ಮೆ ನೀರು ಬೇಕು. ಒಂದು ತಿಂಗಳು ತಪ್ಪಿದರೆ ಎಳೆಕಾಯಿ ಉದುರುತ್ತದೆ, ಸೋಗೆ ಹಳದಿಯಾಗುತ್ತದೆ. ಅಣ್ಣನ ತೋಟದ ಒಂದು ಮೂಲೆ ಹಾಗೇ ಹೋಯಿತು. ಕೇಸು ಬಿತ್ತು. ಮಾತು ನಿಂತಿತು. ಇಗರ್ಜಿಯಲ್ಲಿ ಒಬ್ಬರು ಎಡಗಡೆ ಬೆಂಚು, ಇನ್ನೊಬ್ಬರು ಬಲಗಡೆ ಬೆಂಚು. ಹೀಗೆ ಹನ್ನೊಂದು ವರ್ಷ.

ಊರಿಗೆ ಗೊತ್ತಿದ್ದ ಕಥೆ ಇಷ್ಟೇ. ನನಗೂ ಇಷ್ಟೇ ಗೊತ್ತಿತ್ತು. ಇದರಲ್ಲಿ ಅಣ್ಣ ಅನ್ಯಾಯಕ್ಕೊಳಗಾದವರು, ತಮ್ಮ ಅನ್ಯಾಯ ಮಾಡಿದವನು.

ಅಣ್ಣನ ದೇಹ, ಅಣ್ಣನ ಪ್ರಾರ್ಥನೆ

ಅಣ್ಣ ನನ್ನ ಹತ್ತಿರ ಬಂದಾಗ ಅವರಿಗೆ ಅರುವತ್ತರ ಹತ್ತಿರ. ರಾತ್ರಿ ಎರಡಕ್ಕೆ ಎಚ್ಚರ. ಎದ್ದು ಹೊರಗೆ ಬಂದು ಪೈಪಿನ ಶಬ್ದ ಕೇಳುವುದು. ಹೊಟ್ಟೆಯಲ್ಲಿ ಉರಿ. ಡಾಕ್ಟರು ಎಂಡೋಸ್ಕೋಪಿ ಮಾಡಿಸಿ ಮಾತ್ರೆ ಕೊಟ್ಟಿದ್ದರು. ಬೀಪಿಗೆ ಬೇರೆ ಮಾತ್ರೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಇವತ್ತಿಗೂ ಅವರು ಆ ಮಾತ್ರೆ ತಗೊಳ್ಳುತ್ತಾರೆ. ಪ್ರಾರ್ಥನೆಯಿಂದ ಹೊಟ್ಟೆಹುಣ್ಣು ಮಾಯವಾಯಿತು ಅಂತ ಕೇಳಲು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಪ್ರಾರ್ಥನೆ ಅವರು ಬಿಟ್ಟವರಲ್ಲ. ಹನ್ನೊಂದು ವರ್ಷವೂ ಸಂಜೆಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಒಂದು ದಿನ ತಪ್ಪಲಿಲ್ಲ. ಕರೆಂಟು ಇರಲಿ ಬಿಡಲಿ, ನೆಂಟರು ಬರಲಿ ಬಿಡಲಿ, ಏಳೂವರೆಗೆ ದೇವರ ಪೀಠದ ಮುಂದೆ ಮೊಣಕಾಲು. ಲೂಕನ ಸುವಾರ್ತೆಯ 18ನೇ ಅಧ್ಯಾಯದ ಆ ವಿಧವೆ ಅವರಿಗೆ ಬಲು ಇಷ್ಟ. ನ್ಯಾಯ ಕೊಡು ಅಂತ ನ್ಯಾಯಾಧೀಶನ ಹಿಂದೆ ಬಿದ್ದು, ಕೊನೆಗೆ ಅವನು ಸಾಕಾಗಿ ನ್ಯಾಯ ಕೊಟ್ಟ ಕಥೆ. “ನಾನೂ ಆ ಹೆಂಗಸಿನ ಹಾಗೆ, ಮೇಷ್ಟ್ರೇ. ಬಿಡುವುದಿಲ್ಲ” ಅನ್ನುತ್ತಿದ್ದರು. ಅವರು ಬಿಡದೆ ಕೇಳುತ್ತಿದ್ದದ್ದು ಕೇಸು ಗೆಲ್ಲಲಿ ಅಂತ.

ಕ್ಷಮೆಯ ಮಾತು ಬಂದಾಗ ನಾನು ಮೊದಲನೇ ತಪ್ಪು ಮಾಡಿದೆ. ಮೇಷ್ಟ್ರುತನ ಎಲ್ಲಿ ಹೋಗುತ್ತದೆ? ಮತ್ತಾಯನ 18ನೇ ಅಧ್ಯಾಯ ತೆಗೆದೆ. ಪೇತ್ರನು ಏಳು ಸಲ ಸಾಕಾ ಅಂತ ಕೇಳುವುದು, ಯೇಸು ಏಳೆಪ್ಪತ್ತು ಸಲ ಅನ್ನುವುದು. ಆಮೇಲೆ ಹತ್ತು ಸಾವಿರ ತಲಾಂತಿನ ಸಾಲ ಮಾಫಿಯಾದ ಸೇವಕ ನೂರು ದಿನಾರಿಗೆ ಇನ್ನೊಬ್ಬನ ಕುತ್ತಿಗೆ ಹಿಡಿಯುವುದು. ಲೆಕ್ಕವನ್ನೂ ಮಾಡಿ ತೋರಿಸಿದೆ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ, ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ. ಅಂದರೆ ಒಂದು ಕಡೆ ಆರು ಕೋಟಿ ದಿನದ ಕೂಲಿ, ಇನ್ನೊಂದು ಕಡೆ ನೂರು ದಿನದ್ದು.

ಅವರು ಸುಮ್ಮನೆ ಕೇಳಿದರು. “ಲೆಕ್ಕ ಸರಿ ಉಂಟು. ಆದರೆ ನೂರು ದಿನದ ಕೂಲಿ ಹೋದವನಿಗೆ ಅದು ಸಣ್ಣದಲ್ಲ, ಅಲ್ವಾ?” ಅಂದರು. ನನಗೆ ಉತ್ತರ ಬರಲಿಲ್ಲ. ಮುಂದಿನ ಎರಡು ತಿಂಗಳು ಅವರೂ ಬರಲಿಲ್ಲ.

ಆ ಎರಡು ತಿಂಗಳಲ್ಲಿ ಅವರು ತೆಂಕು ಕೇರಳದ ಒಂದು ದೊಡ್ಡ ರಿಟ್ರೀಟಿಗೆ (ಕೆಲವು ದಿನದ ಪ್ರಾರ್ಥನಾ ಕೂಟಕ್ಕೆ) ಹೋಗಿ ಬಂದಿದ್ದರು. ಪ್ರವಚನ ಮಲಯಾಳದಲ್ಲಿ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಕೊನೆಯ ದಿನದ ಪ್ರಾರ್ಥನೆಯಲ್ಲಿ ಎಲ್ಲರೂ ಅತ್ತರು, ಇವರೂ ಅತ್ತರು. ತಮ್ಮನನ್ನು ಕ್ಷಮಿಸಿದೆ ಅಂತ ಗಟ್ಟಿಯಾಗಿ ಹೇಳಿದರು. ಎದೆ ಹಗುರವಾಯಿತಂತೆ. ರೈಲು ಇಳಿದು ಬಸ್ಸು ಹತ್ತಿ ಮನೆಗೆ ಬಂದರು. ಹದಿನೈದು ದಿನ ಚೆನ್ನಾಗಿ ನಿದ್ದೆ. ಹದಿನಾರನೇ ದಿನ ಮೇಲಿನ ಮನೆಯವರು ಹೊಸ ಪೈಪು ಇಳಿಸುವುದು ಕಂಡಿತು, ರಾತ್ರಿ ಎರಡಕ್ಕೆ ಮತ್ತೆ ಎಚ್ಚರ.

ಅಲ್ಲಿನ ಒಬ್ಬರು ಫೋನಿನಲ್ಲಿ, ನಿಮ್ಮ ವಿಶ್ವಾಸ ಸಾಲದು ಅಂದರಂತೆ. ಈ ಮಾತು ನನಗೆ ಇವತ್ತಿಗೂ ಕೋಪ ತರಿಸುತ್ತದೆ. ಹನ್ನೊಂದು ವರ್ಷ ಒಂದು ಸಂಜೆ ತಪ್ಪಿಸದ ಮನುಷ್ಯನಿಗೆ ಹೇಳುವ ಮಾತಾ ಅದು? ಕಥೋಲಿಕ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥದಲ್ಲೇ ಇದೆ: ನೋವನ್ನು ಅನುಭವಿಸದೆ ಇರುವುದು, ಮರೆಯುವುದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಮನಸ್ಸನ್ನು ಪವಿತ್ರಾತ್ಮನ ಮುಂದೆ ಇಡುವುದು. ಅಷ್ಟನ್ನು ಅವರಿಗೆ ಹೇಳಿದೆ. ಈ ಸಲ ಲೆಕ್ಕ ಮಾಡಲಿಲ್ಲ.

ಹೆಂಡತಿ ಕಂಡದ್ದು

ವಿಷಯ ತಿರುಗಿದ್ದು ನನ್ನಿಂದ ಅಲ್ಲ, ವಿಗಾರರಿಂದಲೂ ಅಲ್ಲ. ಅಣ್ಣನ ಹೆಂಡತಿಯಿಂದ. ಹೆಚ್ಚು ಮಾತಾಡದ ಹೆಂಗಸು. ಒಂದು ದಿನ ನನಗೆ ಚಹಾ ಕೊಡುತ್ತಾ, “ಇವರು ಆ ಸಾಲು ಹೇಳುವುದೇ ಇಲ್ಲ, ನಿಮಗೆ ಗೊತ್ತುಂಟಾ?” ಅಂದರು.

ತೇರ್ಸ್ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಐದು ರಹಸ್ಯ, ಅಂದರೆ ಧ್ಯಾನಕ್ಕೆ ಯೇಸು, ಮರಿಯಮ್ಮನವರ ಬದುಕಿನ ಐದು ಘಟನೆ. ಒಂದೊಂದಕ್ಕೂ ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’, ಹತ್ತು ‘ನಮೋ ಮರಿಯಾ’. ಶುರುವಿನದ್ದೂ ಸೇರಿ ಒಂದು ಸಂಜೆಗೆ ಆ ಮೊದಲ ಪ್ರಾರ್ಥನೆ ಆರು ಸಲ ಬರುತ್ತದೆ. ನಡೆಸುವವರು ಮೊದಲರ್ಧ ಹೇಳುತ್ತಾರೆ, ಉಳಿದವರು ಎರಡನೇ ಅರ್ಧ ಹೇಳುತ್ತಾರೆ. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಅನ್ನುವ ಸಾಲು ಇರುವುದು ಎರಡನೇ ಅರ್ಧದಲ್ಲಿ. ಮನೆಗಳಲ್ಲಿ ಸಾಮಾನ್ಯವಾಗಿ ಒಂದೊಂದು ರಹಸ್ಯವನ್ನು ಒಬ್ಬೊಬ್ಬರು ನಡೆಸುತ್ತಾರೆ, ಮಕ್ಕಳಿಗೂ ಪಾಲು ಇರುತ್ತದೆ. ಕೆಳಗಿನ ಮನೆಯಲ್ಲಿ ಹನ್ನೊಂದು ವರ್ಷದಿಂದ ಐದನ್ನೂ ಅಣ್ಣನೇ ನಡೆಸುತ್ತಿದ್ದರು. ಮನೆಯ ಯಜಮಾನರಲ್ವಾ, ಭಕ್ತಿ ಜಾಸ್ತಿ ಅಂತ ಎಲ್ಲರೂ ತಿಳಿದಿದ್ದರು. ನಡೆಸುವವರು ಆ ಸಾಲು ಹೇಳಬೇಕಾಗಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ದಿನಕ್ಕೆ ಆರು, ಹನ್ನೊಂದು ವರ್ಷ. ಇಪ್ಪತ್ತನಾಲ್ಕು ಸಾವಿರ ಸಲ ಅವರ ಮನೆಯಲ್ಲಿ ಆ ಸಾಲು ಬಂದಿದೆ, ಅವರ ಬಾಯಲ್ಲಿ ಒಂದು ಸಲವೂ ಬಂದಿಲ್ಲ. ಅವರು ಸುಳ್ಳು ಭಕ್ತರಾಗಿದ್ದರೆ ಸುಲಭವಾಗಿ ಹೇಳಿಬಿಡುತ್ತಿದ್ದರು, ನಾವೆಲ್ಲ ಹೇಳುವ ಹಾಗೆ. ಹೇಳಿದರೆ ಅದು ತಾಗುತ್ತದೆ ಅಂತ ನಂಬಿದ್ದಕ್ಕೇ ತಪ್ಪಿಸಿಕೊಳ್ಳುತ್ತಿದ್ದರು. ಇಷ್ಟು ವಿಶ್ವಾಸ ಇರುವವರನ್ನು ನಾನು ಹೆಚ್ಚು ಕಂಡಿಲ್ಲ.

ಒಂದು ಸಂಜೆ ಹೆಂಡತಿ, “ಇವತ್ತು ನಾನು ನಡೆಸುತ್ತೇನೆ, ನೀವು ಉತ್ತರ ಹೇಳಿ” ಅಂದರು. ಮೊದಲರ್ಧ ಹೇಳಿ ನಿಲ್ಲಿಸಿದರು. ಮಕ್ಕಳಿಗೆ ಸುಮ್ಮನಿರಿ ಅಂತ ಕಣ್ಣಲ್ಲೇ ಹೇಳಿದರು. ಅಣ್ಣ ‘ನಮ್ಮ ಅನುದಿನದ ಆಹಾರ’ ತನಕ ಬಂದರು. ಅಲ್ಲಿಗೆ ನಿಂತರು. ಆಕೆ ಕಾದರು. ಆಮೇಲೆ ತಾವೇ ಆ ಸಾಲು ಹೇಳಿ ಮುಂದೆ ಹೋದರು. ಮರುದಿನವೂ ಹಾಗೇ. ಒಂದು ಮಾತು ಆಡಲಿಲ್ಲ, ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ದಿನವೂ ನಡೆಸುವುದು, ನಿಲ್ಲಿಸುವುದು, ಕಾಯುವುದು. ಸುಮಾರು ಏಳು ತಿಂಗಳು.

“ಆ ಏಳು ತಿಂಗಳಿಗಿಂತ ಕೋರ್ಟು ಸುಲಭ ಇತ್ತು” ಅಂದರು ಅಣ್ಣ.

ಬೇಳದಲ್ಲಿ

ಆ ವರ್ಷದ ತಪಸ್ಸು ಕಾಲದಲ್ಲಿ (ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ) ಅಣ್ಣ ಶುಕ್ರವಾರಗಳಂದು ಬೇಳಕ್ಕೆ ಹೋಗತೊಡಗಿದರು. ಬೇಳದ ಶೋಕಮಾತೆಯ ಇಗರ್ಜಿ 1890ರಷ್ಟು ಹಳೆಯದು. ಗೋಥಿಕ್ ಶೈಲಿಯ ದೊಡ್ಡ ಕಟ್ಟಡ. ನೀರ್ಚಾಲು ಕಡೆ ಹೋಗುವವರು ಕ್ರೈಸ್ತರಲ್ಲದಿದ್ದರೂ ಒಮ್ಮೆ ನಿಂತು ನೋಡುತ್ತಾರೆ. ಅವರದ್ದು ಆ ಇಗರ್ಜಿ ಅಲ್ಲ. ಗುರುತು ಇಲ್ಲದ ಕಡೆ ಮೊಣಕಾಲೂರುವುದು ಸುಲಭ ಅನ್ನಿಸಿತಂತೆ.

ಮರಿಯಮ್ಮನವರ ಏಳು ವ್ಯಾಕುಲಗಳ ಜಪ ಅಂತ ಒಂದಿದೆ. ಸಿಮೆಯೋನನ ಮಾತು, ಈಜಿಪ್ಟಿಗೆ ಓಡಿದ್ದು, ಹನ್ನೆರಡು ವರ್ಷದ ಮಗ ದೇವಾಲಯದಲ್ಲಿ ತಪ್ಪಿಹೋದದ್ದು, ಶಿಲುಬೆಯ ದಾರಿಯಲ್ಲಿ ಎದುರಾದದ್ದು, ಶಿಲುಬೆಯ ಕೆಳಗೆ ನಿಂತದ್ದು, ದೇಹವನ್ನು ಇಳಿಸಿ ಮಡಿಲಿಗೆ ಕೊಟ್ಟದ್ದು, ಸಮಾಧಿಯಲ್ಲಿ ಇಟ್ಟದ್ದು. ಮೂರನೇ ಶುಕ್ರವಾರ ಏಳನೆಯದಕ್ಕೆ ಬಂದಾಗ ಅವರಿಗೆ ಅಮ್ಮನ ಮಣ್ಣು ನೆನಪಾಯಿತು. ಜಪ ಮುಂದೆ ಹೋಗಲಿಲ್ಲ.

ಅಮ್ಮ ಇದ್ದದ್ದು ಕೆಳಗಿನ ಮನೆಯಲ್ಲಿ. ತೀರಿಕೊಂಡದ್ದು ಒಂದು ಬೆಳಗಿನ ಜಾವ. ಅವತ್ತು ತಮ್ಮ ಮಂಗಳೂರಿನಲ್ಲಿ ಇದ್ದ, ಹೆಂಡತಿಗೆ ಆಪರೇಷನ್ ಆಗಿತ್ತು. ಐವತ್ತು ಕಿಲೋಮೀಟರ್ ದಾರಿ. ಟ್ಯಾಂಕಿಯ ವಿಷಯಕ್ಕೆ ಆಗಲೇ ಅಣ್ಣನಿಗೆ ಸಿಟ್ಟು ಇತ್ತು. ಗುರ್ಕಾರರಿಗೆ (ಇಗರ್ಜಿಯ ವಾಡೆಯ ಮುಖ್ಯಸ್ಥರಿಗೆ) ಹೇಳಿದರು, ಇಗರ್ಜಿಯ ಗಂಟೆ ಬಾರಿಸಲು ಹೇಳಿದರು, ನೆಂಟರಿಗೆಲ್ಲ ಫೋನು ಮಾಡಿದರು. ತಮ್ಮನಿಗೆ ಮಾಡಿದ್ದು ಮಧ್ಯಾಹ್ನ ಎರಡೂವರೆಗೆ. ನಾಲ್ಕಕ್ಕೆ ಮಣ್ಣು. ತಮ್ಮ ಸಿಮೆಟ್ರಿಗೆ ಓಡಿ ಬರುವಾಗ ಗುಂಡಿ ಮುಚ್ಚಿ ಆಗಿತ್ತು. ಮುಖ ನೋಡಲಿಲ್ಲ, ಒಂದು ಮುಷ್ಟಿ ಮಣ್ಣು ಹಾಕಲಿಲ್ಲ. “ಫೋನು ಸಿಗಲಿಲ್ಲ” ಅಂತ ಅಣ್ಣ ಎಲ್ಲರಿಗೂ ಹೇಳಿದರು. ನಮ್ಮ ಗುಡ್ಡೆಗಳಲ್ಲಿ ಅದನ್ನು ಯಾರೂ ನಂಬದಿರುವುದಿಲ್ಲ.

ಅದಾಗಿ ಮುಂದಿನ ಬೇಸಿಗೆಗೇ ರಾತ್ರಿಯ ನೀರು ನಿಂತದ್ದು.

ನಾನು ಈ ಎರಡನ್ನೂ ಬಲ್ಲವನು. ಅಮ್ಮನ ಮಣ್ಣಿಗೆ ಹೋಗಿದ್ದೆ. ನೀರು ನಿಂತ ಸುದ್ದಿಯೂ ಗೊತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಅಂತ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಇದು ನನ್ನ ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಮೇಲಿನ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಕೇಳಬಹುದಿತ್ತು.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ ಮೊದಲು ಅಣ್ಣ ಕುಮ್ಸಾರಿಗೆ (ಪಾಪನಿವೇದನೆಗೆ) ಹೋದರು. ಅಲ್ಲಿ ತನಕ ಪ್ರತಿ ವರ್ಷ ಸಿಟ್ಟು, ಬೈಗುಳ, ಇಷ್ಟೇ ಹೇಳಿ ಬರುತ್ತಿದ್ದರಂತೆ. ಈ ಸಲ ಫೋನಿನ ವಿಷಯ ಹೇಳಿದರು. ಗುರುಗಳು ಪಾಪ ಕ್ಷಮಿಸಿ, ಪ್ರಾಯಶ್ಚಿತ್ತಕ್ಕೆ ಜಪದ ಜೊತೆ ಇನ್ನೊಂದನ್ನು ಕೊಟ್ಟರು: ತಮ್ಮನ ಹತ್ತಿರ ಹೋಗಿ ನಿಜ ಹೇಳು. ಅಷ್ಟೇ. ನೀರಿನ ಮಾತು ತೆಗೆಯಬೇಡ.

ಅವತ್ತು ಸಂಜೆ ತೇರ್ಸಿನಲ್ಲಿ ಅವರು ಆ ಸಾಲನ್ನು ಹೇಳಿದರು. ತಮ್ಮನನ್ನು ಕ್ಷಮಿಸಿ ಆಗಿತ್ತಾ ಅಂತ ಕೇಳಿದೆ. “ಇಲ್ಲ. ಅವನೂ ಅದೇ ಸಾಲನ್ನು ನನ್ನನ್ನು ನೆನೆದು ಹೇಳಬೇಕಲ್ಲ ಅಂತ ಅನ್ನಿಸಿತು. ಪಾಪ ಅವನಿಗೂ ಕಷ್ಟ” ಅಂದರು.

ಮೇಲಿನ ಮನೆಗೆ ಮೂರು ಸಲ

ಮೊದಲ ಸಲ ಹೋದಾಗ ನಾಯಿ ಬೊಗಳಿತು. ತಮ್ಮನ ಹೆಂಡತಿ ಬಾಗಿಲ ಎಡೆಯಲ್ಲಿ ನಿಂತು, ಇವರು ಇಲ್ಲ ಅಂದರು. ಅಂಗಳದಲ್ಲಿ ಬೈಕು ಇತ್ತು.

ಎರಡನೇ ಸಲ ತಮ್ಮ ಅಡಿಕೆಗೆ ಕೊಳೆರೋಗದ ಮದ್ದು ಬೋರ್ಡೋ ಬಿಡಲು ಸುಣ್ಣ ಕಲಸುತ್ತಿದ್ದ. ಮಳೆಗಾಲದ ಮೊದಲಿನ ಗಡಿಬಿಡಿ. ತಲೆ ಎತ್ತದೆ, “ಕೇಸಿಗೆ ಡೇಟು ಹತ್ತಿರ ಬಂತು ಅಂತ ಬಂದದ್ದಾ?” ಅಂದ. ಇವರು ವಾಪಸ್ಸು ಇಳಿದು ಬಂದರು. ಆ ರಾತ್ರಿ ಅವರಿಗೆ ಬಂದ ಸಿಟ್ಟು ಹನ್ನೊಂದು ವರ್ಷದಲ್ಲಿ ಬಂದಿರಲಿಲ್ಲವಂತೆ. ನನ್ನ ಮನೆಗೆ ಬಂದು, “ಸಾಕು, ನನ್ನ ಪ್ರಾಯಶ್ಚಿತ್ತ ಆಯಿತು” ಅಂದರು. ನಾನು ಆಯಿತು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಮಳೆಗಾಲ ಪೂರ್ತಿ ಹಾಗೇ ಹೋಯಿತು. ತೇರ್ಸ್ ಮಾತ್ರ ನಡೆಯುತ್ತಿತ್ತು. ಸಾಲನ್ನು ಕೆಲವು ದಿನ ಹೇಳುತ್ತಿದ್ದರು, ಕೆಲವು ದಿನ ಇಲ್ಲ.

ಸೆಪ್ಟೆಂಬರ್ 8 ಮೊಂತಿ ಫೆಸ್ತ್. ಮರಿಯಮ್ಮನವರ ಜನ್ಮದಿನ, ನಮಗೆ ಹೊಸ ಬೆಳೆಯ ಹಬ್ಬ. ಒಂಬತ್ತು ದಿನ ಮಕ್ಕಳು ಹೂವು ತಂದು ಹಾಕುತ್ತಾರೆ. ಹಬ್ಬದ ದಿನ ಆಶೀರ್ವಾದ ಮಾಡಿದ ಹೊಸ ಭತ್ತದ ತೆನೆಯನ್ನು ಮನೆಗೊಂದರಂತೆ ಕೊಡುತ್ತಾರೆ. ಅದರ ಕಾಳನ್ನು ಹಾಲಲ್ಲೋ ಪಾಯಸದಲ್ಲೋ ಹಾಕಿ ಮನೆಯವರೆಲ್ಲ ಸೇರಿ ಉಣ್ಣುವುದು. ಗಲ್ಫಿನಲ್ಲೋ ಮುಂಬಯಿಯಲ್ಲೋ ಇರುವವರಿಗೆ ಅಮ್ಮಂದಿರು ನಾಲ್ಕು ಕಾಳನ್ನು ಕವರಿನಲ್ಲಿ ಹಾಕಿ ಕಳಿಸುತ್ತಿದ್ದರು. ಅಮ್ಮ ಇರುವ ತನಕ ಈ ಎರಡು ಮನೆಗೆ ತೆನೆ ಬರುತ್ತಿದ್ದದ್ದು ಒಂದೇ ಕಡೆ, ಕೆಳಗೆ. ಎರಡೂ ಮನೆಯವರು ಊಟ ಮಾಡುತ್ತಿದ್ದದ್ದೂ ಕೆಳಗೆ.

ಅಣ್ಣ ಪೂಜೆ ಮುಗಿಸಿ ತೆನೆ ಹಿಡಿದುಕೊಂಡು ನೇರ ಮೇಲೆ ಹತ್ತಿದರು. ತಮ್ಮ ಜಗಲಿಯಲ್ಲಿ ಇದ್ದ. ಅವನಿಗೂ ಇಗರ್ಜಿಯಲ್ಲಿ ತೆನೆ ಸಿಕ್ಕಿತ್ತು, ಇವರು ತಂದದ್ದು ಬೇಕಾಗಿರಲಿಲ್ಲ. ಅಣ್ಣ ಕೂರಲಿಲ್ಲ. ಅಮ್ಮ ಹೋದ ದಿನ ಫೋನು ಸಿಗದೆ ಇದ್ದದ್ದಲ್ಲ, ನಾನು ಹೊತ್ತಿಗೆ ಮಾಡದೆ ಇದ್ದದ್ದು ಅಂದರು.

ತಮ್ಮ, “ಗೊತ್ತುಂಟು” ಅಂದ.

ಗೊತ್ತಿತ್ತು. ಅವತ್ತೇ ಮಂಗಳೂರಿನಲ್ಲಿ ಮಧ್ಯಾಹ್ನ ಬೇರೆ ನೆಂಟರ ಫೋನು ಸಿಕ್ಕಿದ್ದು, ಅಣ್ಣನದ್ದು ಮಾತ್ರ ಎರಡೂವರೆ ತನಕ ಬರದಿದ್ದದ್ದು, ಎಲ್ಲ ಗೊತ್ತಿತ್ತು. ಅವನೂ ಯಾರಿಗೂ ಹೇಳಿರಲಿಲ್ಲ. ತುಂಬ ಹೊತ್ತಿನ ಮೇಲೆ ಒಂದೇ ಪ್ರಶ್ನೆ ಕೇಳಿದ: ಅಮ್ಮ ಕೊನೆಗೆ ಏನಾದರೂ ಹೇಳಿದ್ರಾ?

ಅಣ್ಣನಿಗೆ ಅದನ್ನೂ ಹೇಳಬೇಕಾಯಿತು. ಹಿಂದಿನ ರಾತ್ರಿ ಅಮ್ಮ ಎರಡು ಸಲ, ಮೇಲಿನವ ಬಂದನಾ ಅಂತ ಕೇಳಿದ್ದರು. ನಾಳೆ ಬರ್ತಾನೆ ಅಂತ ಇವರು ಹೇಳಿದ್ದರು.

ತಮ್ಮ ಒಳಗೆ ಹೋದ. ಅಣ್ಣ ತೆನೆಯನ್ನು ಜಗಲಿಯ ಮೇಲಿಟ್ಟು ಇಳಿದು ಬಂದರು. ಅಪ್ಪಿಕೊಳ್ಳಲಿಲ್ಲ. ಕ್ಷಮಿಸಿದೆ ಅನ್ನುವ ಶಬ್ದ ಆ ಅಂಗಳದಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಆಮೇಲೆ

ನವೆಂಬರಿನಲ್ಲಿ ತಮ್ಮನ ವಕೀಲರಿಂದ ಮಾತು ಬಂತು, ರಾಜಿಗೆ ಕೂರಬಹುದು ಅಂತ. ಕೇಸು ಲೋಕ ಅದಾಲತಿಗೆ ಹೋಯಿತು. ಅಲ್ಲಿ ಆದ ರಾಜಿಗೆ ಕೋರ್ಟಿನ ತೀರ್ಪಿನಷ್ಟೇ ಬಲ. ಅದರ ಮೇಲೆ ಅಪೀಲು ಇಲ್ಲ. ಕಟ್ಟಿದ ಕೋರ್ಟ್ ಫೀಸೂ ವಾಪಸ್ಸು ಬರುತ್ತದೆ. ಕ್ಷಮಿಸಿದ್ದೇನೆ ಅಂತ ಅಣ್ಣ ಪಾಲನ್ನು ಬಿಟ್ಟುಕೊಡಬೇಕಾಗಲಿಲ್ಲ, ನಾನೂ ಹಾಗೆ ಸಲಹೆ ಕೊಡಲಿಲ್ಲ. ಬಾಯಲ್ಲಿ ಬಿಟ್ಟು ಮನಸ್ಸಲ್ಲಿ ಇಟ್ಟುಕೊಂಡರೆ ಮಕ್ಕಳ ಕಾಲಕ್ಕೆ ಮತ್ತೆ ಕೋರ್ಟು. ಈಗ ಸಂಜೆ ಆರರಿಂದ ಬೆಳಿಗ್ಗೆ ಆರರ ತನಕ ನೀರು ಕೆಳಗೆ, ಹಗಲು ಮೇಲೆ. ಟ್ಯಾಂಕಿಗೆ ಒಂದು ವಾಲ್ವು, ಸುರಂಗದ ಮಣ್ಣು ತೆಗೆಸುವ ಖರ್ಚು ಅರ್ಧ ಅರ್ಧ. ಮಾಮೂಲು ಅನ್ನುವ ಶಬ್ದ ಇಲ್ಲದ ಹಾಗೆ ನಾನೇ ಕೂತು ಕನ್ನಡ ಕರಡು ಬರೆದೆ.

ಅಣ್ಣತಮ್ಮಂದಿರು ಈಗ ಮಾತಾಡುತ್ತಾರೆ. ಅಡಿಕೆ ರೇಟು, ಮಳೆ, ಕೊಳೆರೋಗ. ಮನೆಯೊಳಗೆ ಹೋಗಿ ಊಟ ಮಾಡುವಷ್ಟು ಆಗಿಲ್ಲ. ಅಮ್ಮನ ವರ್ಷದ ಪೂಜೆಯನ್ನು ಇಬ್ಬರ ಹೆಸರಲ್ಲೂ ಕೊಡಿಸುತ್ತಾರೆ. ಆ ದಿನ ಪೂಜೆ ಆದ ಮೇಲೆ ತಮ್ಮ ಸಿಮೆಟ್ರಿಗೆ ಒಬ್ಬನೇ ಹೋಗುತ್ತಾನೆ. ಅಣ್ಣ ಗೇಟಿನ ಹೊರಗೆ ನಿಲ್ಲುತ್ತಾರೆ. ಅಣ್ಣನಿಗೆ ನಿದ್ದೆ ಬರುತ್ತದೆ, ಎಲ್ಲ ದಿನ ಅಲ್ಲ.

ಕಳೆದ ಮಾರ್ಚಿನಲ್ಲಿ ವಾಲ್ವಿನ ವಿಷಯಕ್ಕೆ ಮತ್ತೆ ಸ್ವಲ್ಪ ಮಾತು ಬಂತು. ಆರು ಗಂಟೆ ಅಂದರೆ ಯಾರ ಮನೆಯ ಗಡಿಯಾರದ ಆರು ಗಂಟೆ ಅಂತ. ಅವತ್ತು ಸಂಜೆ ಹೆಂಡತಿ ತೇರ್ಸ್ ನಡೆಸುವಾಗ ಅಣ್ಣ ಪುನಃ ಆ ಸಾಲಿಗೆ ಬಂದು ನಿಂತರಂತೆ. ಆಕೆ ಕಾದರಂತೆ. ಕೊನೆಗೆ ಹೇಳಿದರಂತೆ.

ಎಷ್ಟು ಹೊತ್ತು ಕಾದಿರಿ ಅಂತ ಆಕೆಯನ್ನು ಕೇಳಿದೆ.

“ಒಲೆಯ ಮೇಲಿದ್ದ ಹಾಲು ಪೂರ್ತಿ ಉಕ್ಕಿಹೋಯಿತು” ಅಂದರು.